ಕತ್ತರಿಸಿ ಎಸೆದ ‘ರೈಟ್ ಪೋಯಿ’

ಇದನ್ನು ನಾಳೆ ಬರೆದರಾಯಿತು, ಹಬ್ಬ ಕಳೆದ ಮೇಲೆ ಬರೆದರಾಯಿತು, ಕನ್ನಡಕ ಬದಲಾಯಿಸಿದ ಮೇಲೆ ಬರೆದರಾಯಿತು ಎಂದು ಎರಡು ವರ್ಷ ದೂಡಿದ್ದೇನೆ. ಕನ್ನಡಕ ಬದಲಾಯಿಸಿ ಆರು ತಿಂಗಳಾಯಿತು. ಇನ್ನು ನೆಪ ಉಳಿದಿಲ್ಲ.

ನನ್ನ ಭಾವ, ಅಂದರೆ ಅಕ್ಕನ ಗಂಡ, ತಮ್ಮ ಮಗಳ ಮದುವೆಯಲ್ಲಿ ಧಾರೆ ಎರೆಯುವಾಗ ನೀರು ಸಾಕೆನಿಸಿದ ಕೂಡಲೇ “ಹೋಲ್ಡಾನ್!” ಎಂದು ಕೂಗಿದವರು. ಪುರೋಹಿತರ ಮಂತ್ರ ನಿಂತಿತು, ವಾದ್ಯ ನಿಂತಿತು, ಹಿಂದೆ ಪಾಯಸ ಕಲಕುತ್ತಿದ್ದವನ ಕೈಯೂ ನಿಂತಿತಂತೆ! ಮೂವತ್ತಕ್ಕೂ ಹೆಚ್ಚು ವರ್ಷ ಉಡುಪಿ–ಕಾರ್ಕಳ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರ ಗಂಟಲಲ್ಲಿ ಕೊನೆಗೆ ಉಳಿದದ್ದು ಎರಡೇ ಮಾತು. ಹೊರಡಲು “ರೈಟ್ ಪೋಯಿ”, ನಿಲ್ಲಲು “ಹೋಲ್ಡಾನ್”. ಊಟಕ್ಕೆ ಕುಳಿತರೆ ರೈಟ್ ಪೋಯಿ, ಸಾರು ಸಾಕಾದರೆ ಹೋಲ್ಡಾನ್. ಬದುಕಲು ಮನುಷ್ಯನಿಗೆ ಇದಕ್ಕಿಂತ ಹೆಚ್ಚು ಮಾತು ಯಾಕೆ ಬೇಕು, ಹೇಳಿ?

ಇಂಥ ಭಾವ ನಿವೃತ್ತರಾದ ಮೇಲೆ ಪರ್ಕಳದ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ತಿಂಗಳುಗಟ್ಟಲೆ ಕುಳಿತು, ಅಂತರ್ಜಾಲದಲ್ಲಿ ಒಂದು ಪುಟ ಮಾಡಲು ಕಲಿತರು! ವಿಷಯ ಎಂತದ್ದು? ‘ಇಲ್ಲದ ಸ್ಟಾಪುಗಳು’. ಆ ದಾರಿಯಲ್ಲಿ ಗಿರಣಿ ಸ್ಟಾಪು ಉಂಟು, ಗಿರಣಿ ಇಲ್ಲ. ಹಲಸಿನ ಮರದ ಸ್ಟಾಪು ಉಂಟು, ಮರ ಕಡಿದು ಕಾಲವಾಯಿತು. ಟೈಲರ್ ಸ್ಟಾಪಿನ ಟೈಲರಿಗೆ ಬಟ್ಟೆ ಕೊಟ್ಟವರೂ ಈಗಿಲ್ಲ. ಪ್ರತಿ ಸ್ಟಾಪಿನಲ್ಲಿ ಒಬ್ಬ ಹಿರಿಯರನ್ನು ನಿಲ್ಲಿಸಿ, ಆ ಹೆಸರಿನ ಕತೆ ಹೇಳಿಸಿ, ಮೊಬೈಲಿನಲ್ಲಿ ಹಿಡಿದು ಪುಟಕ್ಕೆ ಹಾಕುವುದು ಭಾವನ ಹಂಚಿಕೆ.

ಹಿಡಿದದ್ದನ್ನು ಸರಿಪಡಿಸಲು ಬೇಕಾದದ್ದು ನಾನು. ಹೈಸ್ಕೂಲು ಮುಗಿಸಿ ಕ್ಯಾಮೆರಾ ಹಿಡಿದವನು, ಕಾಪುವಿನಲ್ಲಿ ಮದುವೆ ವಿಡಿಯೊ ಸ್ಟುಡಿಯೊ ಇಟ್ಟವನು. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಸ್ಟುಡಿಯೊ ಮುಚ್ಚಿತು. ಕಂಪ್ಯೂಟರ್ ಮಾತ್ರ ಮನೆಯಲ್ಲಿತ್ತು, ನನ್ನ ಜಂಬವೂ ಇತ್ತು.

ಮೊದಲ ದಿನ ಭಾವ ಎರಡು ಬಸ್ಸು ಬದಲಿಸಿ ಬಂದರು.

“ಪುಟ ತೆರೆಯುವುದೇ ಇಲ್ಲ ಮಾರಾಯ. ಸುಮ್ಮನೆ ತಿರುಗ್ತಾ ಉಂಟು.”

“ವಿಡಿಯೊ ಭಾರ ಹೆಚ್ಚಾಗಿದೆ ಭಾವ. ನಿಮ್ಮ ಬಸ್ಸಿನಲ್ಲಿ ಸೀಟು ಎಷ್ಟಿತ್ತು?”

“ನಲವತ್ತೆಂಟು.”

“ಜನ ಎಷ್ಟು ಹಾಕ್ತಿದ್ದಿರಿ?”

ಭಾವ ಕೆಮ್ಮಿದರು. “ನೂರ ಹತ್ತು. ಆದರೆ ಬಸ್ಸು ಹೋಗ್ತಿತ್ತಲ್ವಾ?”

ನಾನು ವಿಡಿಯೊದ ಗಾತ್ರ ಕುಗ್ಗಿಸಲು ಹಾಕಿದೆ. ಪರದೆಯ ಮೇಲೆ ಗೆರೆ ಮೆಲ್ಲಗೆ ಮುಂದೆ ಹೋಗುತ್ತಿದ್ದರೆ ಭಾವ ಹಿಂದಿನಿಂದ ಹುರಿದುಂಬಿಸಿದರು: “ಒಳಗೆ ಹೋಗಿ, ಒಳಗೆ ಹೋಗಿ, ಹಿಂದೆ ಜಾಗ ಉಂಟು!”

ವಿಡಿಯೊವನ್ನು ಪುಟದೊಳಗೆ ತುರುಕುವುದಲ್ಲ, ಅದು ಬೇರೆಲ್ಲೋ ಇರುತ್ತದೆ, ಪುಟದಲ್ಲಿ ಅದಕ್ಕೊಂದು ಕಿಟಕಿ ಕೂರಿಸುವುದು ಎಂದೆ. ಭಾವನಿಗೆ ಥಟ್ಟನೆ ಅರ್ಥವಾಯಿತು. “ಪ್ಯಾಸೆಂಜರ್ ಬಸ್ಸಿನೊಳಗೆ, ಹೊರಗಿನಿಂದ ಕಾಣುವುದು ಮುಖ ಮಾತ್ರ.” ಅಷ್ಟು ಅರ್ಥವಾದವರು ಅಳತೆ ತಪ್ಪಿ ಹಾಕಿದರು. ಗಿರಣಿ ಸ್ಟಾಪಿನ ಅಜ್ಜಿ ಪುಟದ ಅಂಚು ದಾಟಿ ಅರ್ಧ ಹೊರಗೆ ಬಂದರು. ಭಾವ ಪರದೆಗೇ ಗದರಿದರು: “ಕೈ ತಲೆ ಹೊರಗೆ ಹಾಕ್ಬೇಡಿ!” ಇನ್ನೊಮ್ಮೆ, ಪುಟ ತೆರೆದ ಕೂಡಲೇ ಎಲ್ಲ ವಿಡಿಯೊಗಳೂ ತಾವಾಗಿ ಓಡುವಂತೆ ಮಾಡಿದ್ದರು. ಐದು ಜನ ಹಿರಿಯರು ಒಟ್ಟಿಗೆ ಮಾತು ಶುರುಮಾಡಿದರು. ನಾನು ಕಿವಿ ಮುಚ್ಚಿಕೊಂಡರೆ ಭಾವನ ಕಣ್ಣಲ್ಲಿ ನೀರು! “ಸಂಜೆ ಐದೂವರೆಯ ಬಸ್ಸಿನ ಹಾಗೇ ಉಂಟು.”

ನಮ್ಮ ಜಗಳ ಒಂದೇ. ಭಾವ ಪ್ರತಿ ವಿಡಿಯೊವನ್ನೂ “ರೈಟ್ ಪೋಯಿ!” ಎಂದು ಕೂಗಿ ಶುರುಮಾಡುತ್ತಿದ್ದರು, “ಹೋಲ್ಡಾನ್!” ಎಂದು ಮುಗಿಸುತ್ತಿದ್ದರು. ನಾನು ಎರಡೂ ತುದಿ ಕತ್ತರಿಸುತ್ತಿದ್ದೆ.

“ರೈಟ್ ಹೇಳದೆ ಗಾಡಿ ಹೊರಡುವುದು ಹೇಗೆ?”

“ಇದು ಗಾಡಿ ಅಲ್ಲ ಭಾವ. ನೋಡುವವರು ನಗ್ತಾರೆ.”

“ಹಾಗಾ? ನೀನು ಸ್ಟುಡಿಯೊದವ. ನೀನು ಹೇಳಿದ ಮೇಲೆ ಆಯ್ತು.”

ಇಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯಬೇಕಿರಲಿಲ್ಲ. ಪುಟ ಜನರಿಗೆ ಮೆಚ್ಚಿಗೆಯಾಯಿತು. ನಿಟ್ಟೆಯ ಹಾಸ್ಟೆಲಿನ ಮಕ್ಕಳು ನೋಡಿದರು, ಬಸ್ಸಿನಲ್ಲಿ ಭಾವನಿಗೆ ಎದ್ದು ಸೀಟು ಕೊಟ್ಟರು. ಉಡುಪಿಯ ಒಂದು ಸಭೆಯಲ್ಲಿ ಶಾಲು ಹೊದಿಸಿದರು. ಭಾಷಣದಲ್ಲಿ ಭಾವ ಡ್ರೈವರುಗಳನ್ನು ನೆನೆದರು, ಗಿರಣಿಯ ಅಜ್ಜಿಯನ್ನು ನೆನೆದರು, ಹಲಸಿನ ಮರವನ್ನೂ ನೆನೆದರು. ನನ್ನನ್ನು ಮರೆತರು. ಕಡಿದ ಮರಕ್ಕಿರುವ ಯೋಗ್ಯತೆ ನನಗಿಲ್ಲವೇ!

ಮನೆಗೆ ಬಂದು ಕತ್ತರಿಸಿಟ್ಟ ತುಂಡುಗಳನ್ನೆಲ್ಲ ಜೋಡಿಸಿದೆ. ಇಪ್ಪತ್ತಾರು ರೈಟ್ ಪೋಯಿ, ಇಪ್ಪತ್ತಾರು ಹೋಲ್ಡಾನ್, ನಡುನಡುವೆ ಭಾವನ ಕೆಮ್ಮು. ಇಷ್ಟು ಸಾಲದೆಂದು ಮೈಕಿನೆದುರು ಕುಳಿತು ಹೊಟ್ಟೆ ಹಿಡಿದು ನಕ್ಕು, ಆ ನಗುವನ್ನು ಕೊನೆಯ ತುಂಡುಗಳ ಮೇಲೆ ಕೂರಿಸಿದೆ. ಯಾರೆಂದು ಗೊತ್ತಾಗದ ಹಾಗೆ ವಾಟ್ಸಾಪಿಗೆ ಬಿಟ್ಟೆ. ಎರಡೇ ದಿನ! ಕಾರ್ಕಳದ ಬಸ್‌ಸ್ಟ್ಯಾಂಡಿನಲ್ಲಿ ಅದೇ, ಇನ್ನಂಜೆಯ ಮದುವೆಯಲ್ಲಿ ಅದೇ. ಭಾವ ಕುಳಿತ ಬಸ್ಸಿನಲ್ಲೇ ಯಾರೋ ಅದನ್ನು ಜೋರಾಗಿ ಹಾಕಿದರಂತೆ. ಎಲ್ಲರೊಟ್ಟಿಗೆ ತಾವೂ ನಕ್ಕರಂತೆ.

ಇಲ್ಲಿಂದ ಮುಂದೆ ‘ಭಾವ’ ಎಂದು ಬರೆಯಲು ನನಗೆ ಮುಖವಿಲ್ಲ. ಅವರು ಎಂದೇ ಬರೆಯುತ್ತೇನೆ.

ಮುಂದಿನ ವಾರ ಅವರು ಎಂದಿನಂತೆ ಎರಡು ಬಸ್ಸು ಬದಲಿಸಿ ಬಂದರು, ಅಕ್ಕ ಕೊಟ್ಟ ಪತ್ರೊಡೆಯನ್ನೂ ತಂದಿದ್ದರು. “ಯಾರೋ ತಮಾಷೆ ಮಾಡಿದ್ದಾರೆ ಮಾರಾಯ” ಎಂದರು, ಅಷ್ಟೇ. ಆ ತುಂಡುಗಳು ಲೋಕದಲ್ಲಿ ಯಾವ ಒಬ್ಬನ ಕಂಪ್ಯೂಟರಿನಲ್ಲಿ ಮಾತ್ರ ಇದ್ದವು ಎಂದು ಅವರಿಗೆ ತಿಳಿಯದೆ ಇದ್ದೀತೆ? ಅಂದು ತಂದ ವಿಡಿಯೊ ತೆರೆದೆ. ಮೊದಲಲ್ಲಿ ಸದ್ದಿಲ್ಲ, ಕೊನೆಯಲ್ಲೂ ಇಲ್ಲ. ಶುರುವಾಗುವ ಮುಂಚೆ, ಕೂಗುವ ಬದಲು ಹೊರಡುವ ಸನ್ನೆಯಾಗಿ, ಕ್ಯಾಮೆರಾದ ಎದುರು ಎರಡು ಬೆರಳು ಅಲ್ಲಾಡಿ ಮರೆಯಾದವು. ‘ತಪ್ಪಾಯಿತು’ ಎನ್ನುವ ಮಾತು ನಾಲಗೆಯ ತುದಿಗೆ ಬಂತು. ನಾನು ಪತ್ರೊಡೆ ತಿಂದೆ. ಮರುವರ್ಷ ಅವರು ತೀರಿಕೊಂಡರು.

ಕ್ರಿಯೆಗಳೆಲ್ಲ ಮುಗಿದ ಮೇಲೆ ಅಕ್ಕ ಫೋನ್ ಮಾಡಿದಳು. “ಆ ಪುಟದಲ್ಲಿ ಎಲ್ಲ ಒತ್ತಿ ನೋಡಿದೆ. ಊರಿನವರೆಲ್ಲ ಮಾತಾಡ್ತಾರೆ. ಇವರ ಸ್ವರ ಮಾತ್ರ ಒಂದರಲ್ಲೂ ಇಲ್ಲ. ನಿನ್ನ ಹತ್ತಿರ ಎಲ್ಲಾದ್ರೂ ಉಂಟಾ?”

ಇತ್ತು. ಮೂಲ ವಿಡಿಯೊಗಳನ್ನೂ ಬಿಡಿ ತುಂಡುಗಳನ್ನೂ ಜಾಗ ಸಾಲದೆಂದು ಅಳಿಸಿದ್ದೆ. ಉಳಿದದ್ದು ಆ ಹಾಳು ತಮಾಷೆ ಒಂದೇ. ಅದನ್ನು ಬಿಡಿಸಿ, ಒಂದೊಂದು ರೈಟ್ ಪೋಯಿಯನ್ನೂ ಅದರದರ ಸ್ಟಾಪಿಗೆ ಮರಳಿ ಅಂಟಿಸಿ, ಪುಟದ ಕಿಟಕಿಗಳಲ್ಲಿ ಕೂರಿಸಿದೆ. ಆದರೆ ಕೊನೆಯ ತುಂಡುಗಳ ಮೇಲಿನ ನಗು ಬಿಡಿಸಲು ಬರಲಿಲ್ಲ. ಒಗ್ಗರಣೆ ಬಿದ್ದ ಸಾರಿನಿಂದ ಸಾಸಿವೆ ಹೆಕ್ಕುವ ಹಾಗಾಯಿತು.

ಪರ್ಕಳದ ಅಕ್ಕನ ಮನೆಗೆ ಹೋಗಿ ಅವಳನ್ನು ಕಂಪ್ಯೂಟರಿನ ಎದುರು ಕೂರಿಸಿ ಒಂದು ಸ್ಟಾಪು ಒತ್ತಿದೆ. “ರೈಟ್ ಪೋಯಿ!” ಅಕ್ಕ ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕತೆ ಮುಗಿಯಿತು. “ಹೋಲ್ಡಾನ್!” ಅದರ ಮೇಲೆ ನನ್ನ ನಗು.

“ಇದು ನೀನಲ್ವಾ?”

ನಾನು ಸದ್ದು ಕಡಿಮೆ ಮಾಡುವ ಗುಂಡಿ ಹುಡುಕಿದೆ.

“ಅವರಿಗೆ ಅವತ್ತೇ ಗೊತ್ತಿತ್ತು. ‘ಸ್ಟುಡಿಯೊ ಮುಚ್ಚಿದ ಮೇಲೆ ನಿನ್ನ ತಮ್ಮ ನಕ್ಕದ್ದನ್ನೇ ನಾನು ಕೇಳಿರಲಿಲ್ಲ’ ಅಂತ ಹೇಳಿ ಅದನ್ನು ಎರಡೆರಡು ಸಲ ಹಾಕಿ ಕೇಳ್ತಿದ್ದರು.”

“ಮತ್ತೆ ಕೂಗುವುದನ್ನು ಯಾಕೆ ನಿಲ್ಲಿಸಿದರು?”

“ನಿನಗೆ ಕತ್ತರಿಸುವ ಕೆಲಸ ಕಡಿಮೆ ಆಗ್ಲಿ ಅಂತ.”

ಅದು ನೋವೋ, ತಮಾಷೆಯೋ, ಅವರ ಒಳ್ಳೆಯತನವೋ, ಇಂದಿಗೂ ನನಗೆ ತಿಳಿಯದು. ಅಕ್ಕ ಮುಂದಿನ ಸ್ಟಾಪು ಹಾಕು ಎಂದಳು. ಅದು ಬೆರಳು ಮಾತ್ರ ಅಲ್ಲಾಡುವ ವಿಡಿಯೊ, ಸ್ವರ ಇಲ್ಲದ್ದು. ನಾನಿನ್ನೂ ಒತ್ತಿರಲಿಲ್ಲ. ಪರದೆಯಲ್ಲಿ ಆ ಎರಡು ಬೆರಳು ಹಾಗೇ ನಿಂತಿದ್ದವು.

ಅಕ್ಕನೇ ಸೆರಗು ಸರಿಮಾಡಿಕೊಂಡು, ಮೆಲ್ಲಗೆ ಹೇಳಿದಳು: “ರೈಟ್ ಪೋಯಿ.”