ಬರಹ: ವೈಜನಾಥ, ಬೀದರ್

ನನ್ನ ಕೈಬರಹದ ಬಗ್ಗೆ ಬೀದರಿನಲ್ಲಿ ಎರಡು ಮಾತಿಲ್ಲ. ಫ್ಲೆಕ್ಸ್ ಬಂದ ಮೇಲೂ ಕಿರಾಣಿ ಅಂಗಡಿಯಿಂದ ಹಿಡಿದು ನಮ್ಮ ಓಣಿಯ ಬುದ್ಧ ವಿಹಾರದವರೆಗೆ ಬೋರ್ಡು ಬರೆಯಲು ಜನ ನನ್ನನ್ನೇ ಕರೆಯುತ್ತಾರೆ. ಹೀಗಿರುವಾಗ ಹೆಂಡತಿ ಸುನಂದಾ ಗಣಿತದ ಚಾರ್ಟ್ ಒಂದನ್ನು ಬರೆದುಕೊಡಿ ಎಂದಾಗ, ಇದೇನು ಮಹಾ ಎಂದು ಕುಂಚ ಎತ್ತಿಕೊಂಡೆ.

ಸುನಂದಾ ಠಾಣಾ ಕುಶನೂರಿನವಳು. ಮದುವೆಯಾದ ಮೇಲೆ, ಒಂದು ಕಣ್ಣು ಒಲೆಯ ಮೇಲೆ, ಒಂದು ಕಣ್ಣು ಪುಸ್ತಕದ ಮೇಲೆ ಇಟ್ಟು ಬಿ.ಎಸ್ಸಿ., ಬಿ.ಎಡ್. ಮುಗಿಸಿದ ಗಟ್ಟಿಗಿತ್ತಿ. ಅವಳು ಲೆಕ್ಕ ಹೇಳಿಕೊಟ್ಟರೆ ನನಗೂ ತಿಳಿದಂತಾಗುತ್ತದೆ. ಇದಕ್ಕಿಂತ ದೊಡ್ಡ ಪ್ರಶಸ್ತಿ ಯಾರಿಗೆ ಬೇಕು? ಮರುದಿನ ಭಾಲ್ಕಿಯ ಶಾಲೆಯೊಂದರಲ್ಲಿ ಅವಳು ಮುಖ್ಯೋಪಾಧ್ಯಾಯಿನಿಯ ಎದುರು ಪಾಠ ಮಾಡಿ ತೋರಿಸಬೇಕಿತ್ತು. ಮೆಚ್ಚಿದರೆ ಮೊದಲ ನೌಕರಿ. ಪಾಠ, ಭಿನ್ನರಾಶಿಗಳನ್ನು ಸರಳ ರೂಪಕ್ಕೆ ತರುವುದು.

ಲೆಕ್ಕಗಳನ್ನಷ್ಟೇ ಬರೆಯಿರಿ, ಉತ್ತರದ ಜಾಗ ಖಾಲಿ ಬಿಡಿ, ಮಕ್ಕಳು ತುಂಬಲಿ ಎಂದು ಹೇಳಿ ಅವಳು ಸೀರೆ ಇಸ್ತ್ರಿ ಮಾಡಿಸಲು ಹೋದಳು. ಆದರೆ ಖಾಲಿ ಜಾಗ ಕಲಾವಿದನಿಗೆ ಅವಮಾನ. ನಾನೇ ತುಂಬಲು ನಿರ್ಧರಿಸಿದೆ!

ಮೊದಲ ಲೆಕ್ಕ 16/64. ಮೇಲೊಂದು ಆರು, ಕೆಳಗೊಂದು ಆರು. ಎರಡನ್ನೂ ಹೊಡೆದು ಹಾಕಿದೆ. 1/4 ಬಂತು. ಮೊಬೈಲಿನಲ್ಲಿ ನೋಡಿದೆ, ಸರಿ ಇತ್ತು! ನನ್ನ ಪ್ರತಿಭೆಗೆ ನಾನೇ ಬೆರಗಾದೆ. ಇನ್ನು ಮೊಬೈಲ್ ನೋಡುವ ಅಗತ್ಯವೇ ಕಾಣಲಿಲ್ಲ.

ಎರಡನೆಯದು -12/-18. ಆರರಿಂದ ಭಾಗಿಸಿದರೆ ಎರಡು, ಮೂರು. ಮೈನಸ್ ಮಾತ್ರ ಎರಡಿದ್ದವು. ಎರಡೂ ಹೋದರೆ ಮೈನಸ್ಸಿನ ಗತಿ ಏನು? ಒಂದನ್ನು ಉಳಿಸಿ -2/3 ಎಂದು ನ್ಯಾಯ ತೀರಿಸಿದೆ. ಮೂರನೆಯದು 5/-10. ಇಲ್ಲಿ ಕೆಳಗಿನ ಮೈನಸ್ ನಡುವಿನ ಗೆರೆಗೆ ಅಂಟಿಕೊಂಡು ಇಡೀ ಚಾರ್ಟಿನ ಅಂದ ಕೆಡಿಸುತ್ತಿತ್ತು. ಉತ್ತರದಲ್ಲಿ ಅದನ್ನು ಬಿಟ್ಟೇಬಿಟ್ಟೆ. ಕೊನೆಗೆ ನಮ್ಮ ಕಸುಬಿನ ಪದ್ಧತಿಯಂತೆ ಮೂಲೆಯಲ್ಲಿ ‘ಬರಹ: ವೈಜನಾಥ, ಬೀದರ್’ ಎಂದು ಕೆಂಪು ಬಣ್ಣದಲ್ಲಿ ಸಹಿ ಹಾಕಿ, ಒಣಗಿಸಿ, ಸುತ್ತಿ, ದಾರ ಕಟ್ಟಿದೆ.

ಬೆಳಿಗ್ಗೆ ಬಸ್ಸಿನಲ್ಲಿ ಅವಳು ಒಮ್ಮೆ ನೋಡುತ್ತೇನೆ ಎಂದಳು.

“ಇಲ್ಲಿ ಬಿಚ್ಚಿದ್ರ ಸುಕ್ಕಾಗ್ತದ. ನಾ ಇದ್ದೇನಿ, ನೀ ಯಾಕ ಫಿಕರ್ ಮಾಡ್ತಿ?” ಎಂದೆ.

ತರಗತಿಯಲ್ಲಿ ಚಾರ್ಟ್ ಬಿಚ್ಚಿಕೊಂಡಿತು. ಸುನಂದಾ ಅದನ್ನು ನೋಡಿದಳು. ಆಮೇಲೆ ಕಿಟಕಿಯಾಚೆ ನಿಂತ ನನ್ನನ್ನು ನೋಡಿದಳು. ಆ ನೋಟದಲ್ಲೇ ಲೆಕ್ಕ ತಪ್ಪಿದೆಯೆಂದು ತಿಳಿದು ನಾನು ಕಂಬದ ಮರೆಗೆ ಸರಿದೆ. ಅವಳ ಇಷ್ಟು ವರ್ಷದ ಓದು ನನ್ನ ಕುಂಚದಿಂದ ಮಣ್ಣುಪಾಲಾಯಿತು ಎಂದುಕೊಂಡೆ.

ಅವಳು ಮಕ್ಕಳ ಕಡೆ ತಿರುಗಿದಳು. “ಇದನ್ನ ಬರ್ದವರ ಅಕ್ಷರ ಭಾಳ ಛಂದ ಅವ. ಲೆಕ್ಕ ಹ್ಯಾಂಗ ಅದ, ನೀವು ನೋಡಿ ಹೇಳ್ರಿ.”

ತಪ್ಪು ಹಿಡಿಯುವುದೆಂದರೆ ಮಕ್ಕಳಿಗೆ ಹಬ್ಬ. ಮೊದಲನೆಯದು ಸರಿ ಇದೆ ಎಂದರು. ಸುನಂದಾ ನಕ್ಕು, ಬೋರ್ಡಿನ ಮೇಲೆ 13/36 ಬರೆದು, ಚಾರ್ಟಿನವರ ಹಾಗೆಯೇ ಮೂರನ್ನು ಹೊಡೆದಳು. 1/6 ಬಂತು. ಆದರೆ 1/6 ಅಂದರೆ 6/36. ಹದಿಮೂರರಲ್ಲಿ ಉಳಿದ ಏಳು ಎಲ್ಲಿ ಹೋದವು ಎಂದು ಕೇಳಿದಳು. ಅಂಕಿ ಹೊಡೆಯುವುದಲ್ಲ, ಮೇಲೂ ಕೆಳಗೂ ಒಂದೇ ಸಂಖ್ಯೆಯಿಂದ ಭಾಗಿಸಬೇಕು ಎಂದು ಮಕ್ಕಳೇ ಹೇಳಿದರು. -12/-18ನ್ನು ಮೇಲೂ ಕೆಳಗೂ ಮೈನಸ್ ಆರರಿಂದ ಭಾಗಿಸಿ, ಎರಡೂ ಮೈನಸ್ ಕಳಚಿ 2/3 ಮಾಡಿದಳು. 5/-10ರಲ್ಲಿ ಕೆಳಗಿದ್ದ ಮೈನಸ್ಸನ್ನು ಬಿಸಾಡದೆ ಮೇಲಕ್ಕೆ ಕರೆತಂದು -1/2 ಬರೆದಳು. ಕಂಬದ ಹಿಂದೆ ನನಗೂ ಎಲ್ಲ ತಿಳಿಯಿತು. ಮೈಮರೆತು ಚಪ್ಪಾಳೆ ಹೊಡೆದೆ. ಶಾಲೆಯ ಜವಾನ ಬಂದು ಸುಮ್ಮನಿರಿಸಿದ.

ನೌಕರಿ ಸಿಕ್ಕಿತು. ಮುಖ್ಯೋಪಾಧ್ಯಾಯಿನಿ ಒಂದೇ ಒಂದು ಕೋರಿಕೆ ಇಟ್ಟರು: “ಆ ಚಾರ್ಟ್ ಇಲ್ಲೇ ಬಿಟ್ಟು ಹೋಗ್ರಿ ಟೀಚರ್. ಇಷ್ಟು ಒಳ್ಳೆ ತಪ್ಪು ಮತ್ತ ಸಿಗೋದಿಲ್ಲ.”

ಅದೀಗ ಕಟ್ಟು ಹಾಕಿಸಿಕೊಂಡು ಗೋಡೆಯ ಮೇಲಿದೆ. ವರ್ಷವರ್ಷವೂ ಹೊಸ ಮಕ್ಕಳು ಅದರಲ್ಲಿ ತಪ್ಪು ಹುಡುಕಿ ಭಿನ್ನರಾಶಿ ಕಲಿಯುತ್ತಾರೆ. ಮೂಲೆಯ ಕೆಂಪು ಸಹಿ ಒಂದಿಷ್ಟೂ ಮಾಸಿಲ್ಲ. ಬಣ್ಣ ಅಷ್ಟು ಗಟ್ಟಿ.

ಮೊನ್ನೆ ಸುನಂದಾಳನ್ನು ಕರೆತರಲು ಶಾಲೆಗೆ ಹೋಗಿದ್ದೆ. ಇವರು ನಮ್ಮ ಮನೆಯವರು, ಚಾರ್ಟಿನ ವೈಜನಾಥ ಎಂದು ಅವಳು ಹೆಮ್ಮೆಯಿಂದಲೇ ಪರಿಚಯಿಸಿದಳು. ಎರಡು ಜಡೆಯ ಹುಡುಗಿಯೊಬ್ಬಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಹತ್ತಿರ ಬಂದು, ಯಾರಿಗೂ ಕೇಳದಂತೆ ಮೆಲ್ಲಗೆ ವಿಚಾರಿಸಿದಳು:

“ಅಂಕಲ್, ಈಗರ ಲೆಕ್ಕ ಬರ್ತದೇನ್ರಿ?”