ನಾನು ಬಿಟ್ಟ ರೈಲು

ಸಿರಿ, ಕೌಶಿಕ, ನಿಮ್ಮ ಅಜ್ಜಿಗೆ ನಾಚಿಕೆ ಜಾಸ್ತಿ ಎಂಬುದು ನಿಮಗೆ ಹೊಸ ಸುದ್ದಿಯೇನಲ್ಲ. ಈ ಪರದೇಶದ ಬ್ರಿಕ್‌ಫೀಲ್ಡ್ಸ್ ಪೇಟೆಯ ಅಂಗಡಿಯಲ್ಲಿ ಉದ್ದಿನಬೇಳೆ ಕೇಳಿದರೆ ಹೆಸರುಬೇಳೆ ಕಟ್ಟಿಕೊಟ್ಟರು. ‘ಇದಲ್ಲಪ್ಪಾ’ ಎನ್ನಲಾರದೆ ಅದನ್ನೇ ಮನೆಗೆ ತಂದು ವಾರವಿಡೀ ಕೋಸಂಬರಿ ಮಾಡಿದವಳು ನಾನು. ಅಂಥವಳು ರೈಲು ಬಿಟ್ಟ ಕಥೆಯನ್ನು ನಿಮ್ಮಮ್ಮ ಬಂದವರಿಗೆಲ್ಲ ಉಪ್ಪುಖಾರ ಹಚ್ಚಿ ಹೇಳುತ್ತಾಳೆ. ನಡೆದದ್ದು ಹೀಗೆ.

ಹಳೆಯ ರಬ್ಬರ್ ತೋಟದ ಪಕ್ಕದ ತುಂಡು ಹಳಿಯ ಮೇಲೆ ಉಗಿ ಎಂಜಿನ್ ಓಡಿಸಬೇಕೆಂದು ನಿಮ್ಮಮ್ಮನೂ ಅವಳ ಗೆಳೆಯರೂ ಭಾನುವಾರಗಳನ್ನೆಲ್ಲ ಸವೆಸಿದರು. ಸಂಬಳವಿಲ್ಲ, ಮಸಿ ಮಾತ್ರ ಧಾರಾಳ. ನಾನು ಎಂಜಿನ್ನಿನ ಹಿತ್ತಾಳೆ ಪೈಪುಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಲು ಜೊತೆಗೆ ಹೋಗುತ್ತಿದ್ದೆ. ಅಲ್ಲಿ ಅರುಮುಗಂ ಎಂಬ ನಿವೃತ್ತ ಗಾರ್ಡ್ ಎಲ್ಲರಿಗೂ ಗಾರ್ಡಿನ ಕೆಲಸ ಕಲಿಸುತ್ತಿದ್ದರು. ಟೀ ಕೊಡಲು ಹೋದವಳು ಹಿಂದಿನ ಬೆಂಚಿನಲ್ಲಿ ಕೂತೆ. ನಮ್ಮೂರ ಶಾಲೆಯಲ್ಲಿ ಅರ್ಥವಾಗಲಿ ಬಿಡಲಿ, ಬಾಯಿಪಾಠ ಮಾಡಲೇಬೇಕಿತ್ತು. ನಿಮ್ಮಮ್ಮ ಕನ್ನಡದಲ್ಲಿ ಬರೆದುಕೊಟ್ಟ ನಿಯಮಗಳನ್ನು ನಾನು ಮಗ್ಗಿಯಂತೆ ಒಪ್ಪಿಸಿಬಿಟ್ಟೆ. ದೊಡ್ಡ ದೊಡ್ಡ ಎಂಜಿನಿಯರುಗಳು ತಡವರಿಸಿದರು. ಹಾಗಾಗಿ ಸಹಾಯಕ ಗಾರ್ಡ್ ಎಂದು ನನ್ನ ಹೆಸರು ಪಟ್ಟಿ ಸೇರಿತು. “ಬರೀ ಹೆಸರಿಗೆ ಅಮ್ಮ, ಹೆದರ್ಬೇಡ” ಎಂದಳು ನಿಮ್ಮಮ್ಮ.

ರೈಲು ಓಡಿಸಲು ಅನುಮತಿ ಕೊಡುವ ಪರೀಕ್ಷೆಗೆ ರೈಲ್ವೆ ಅಧಿಕಾರಿ ಬಂದ ದಿನ ಅರುಮುಗಂ ಕೆನ್ನೆ ಹಿಡಿದುಕೊಂಡು ಬಂದರು. ಹಿಂದಿನ ದಿನ ಮುಂದಿನ ಎರಡು ಹಲ್ಲು ಕೀಳಿಸಿದ್ದರು. ಸೀಟಿ ಊದಿದರೆ ಗಾಳಿಯೊಂದೇ ಬರುತ್ತಿತ್ತು. ಅಧಿಕಾರಿ ಪಟ್ಟಿಯಲ್ಲಿದ್ದವರನ್ನು ಬಿಟ್ಟು ಬೇರೆಯವರನ್ನು ಒಪ್ಪರು. ಪರೀಕ್ಷೆ ಕೆಟ್ಟರೆ ಎಂಜಿನ್ನಿಗೆ ಬಣ್ಣ ಬಳಿದು ಯಾವುದೋ ಪಾರ್ಕಿನಲ್ಲಿ ನಿಲ್ಲಿಸುತ್ತಾರಂತೆ. “ನೀಂಗಳೇ ಊದುಂಗಮ್ಮಾ” ಎಂದು ತಮಿಳಿನಲ್ಲಿ ಹೇಳಿ ಅರುಮುಗಂ ಸೀಟಿಯನ್ನೂ ಎರಡು ಬಾವುಟಗಳನ್ನೂ ನನ್ನ ಕೈಗಿಟ್ಟರು.

ಚಿಕ್ಕವಳಿದ್ದಾಗ ಒಮ್ಮೆ ಸೀಟಿ ಹೊಡೆದಿದ್ದಕ್ಕೆ ನನ್ನಮ್ಮ ಸೌಟಿನಲ್ಲೇ ಬಾರಿಸಿದ್ದಳು. ಆಮೇಲೆ ಅರುವತ್ತು ವರ್ಷ ತುಟಿ ಆ ಆಕಾರಕ್ಕೆ ಬಂದಿರಲಿಲ್ಲ. ಊದಿದೆ, ಬಿಸಿ ಕಾಫಿ ಆರಿಸಿದಷ್ಟೇ ಸದ್ದು. ಡ್ರೈವರ್ ಲಿಮ್ ಎಂಜಿನ್ನಿನಿಂದ ಇಣುಕಿ, “ಆಂಟಿ, ಫಾಸ್ಟ್ ಲಾ! ಸ್ಟೀಮ್ ಎಲ್ಲ ವೇಸ್ಟ್!” ಎಂದ. ಬೆಂಕಿಗೆ ಕಟ್ಟಿಗೆ ಹಾಕುತ್ತಿದ್ದ ನಿಮ್ಮಮ್ಮ, “ಅಮ್ಮಾ, ಮಾನ ಕಳೀಬೇಡ, ಊದು!” ಎಂದು ಕೂಗಿದಳು.

“ಮಾನ ಹೋಗತ್ತೆ ಅಂತಲೇ ಕಣೇ ಊದ್ತಿಲ್ಲ!”

ಕೊನೆಗೆ ಹಸಿರು ಬಾವುಟ ಎತ್ತಿ, ಸ್ಟೇಷನ್ನಿನ ಗೋಡೆಯ ಕಡೆ ತಿರುಗಿ, ಮುಖಕ್ಕೆ ಸೆರಗು ಹಾಕಿ, ಕಣ್ಣು ಮುಚ್ಚಿ ಊದಿದೆ. ರಬ್ಬರ್ ಮರಗಳ ಹಕ್ಕಿಗಳೆಲ್ಲ ಎದ್ದವು. ನನ್ನೊಳಗೆ ಇಷ್ಟು ಸದ್ದಿತ್ತೇ! ಇನ್ನೊಮ್ಮೆ ಊದಿದೆ. ಸುಳ್ಳೇಕೆ ಹೇಳಲಿ, ರುಚಿ ಹತ್ತಿ ಮೂರನೆಯ ಸಲವೂ ಊದಿದೆ.

ತಿರುಗಿದರೆ ರೈಲು ಹೊರಟುಹೋಗಿತ್ತು. ಮೊದಲೇ ಹತ್ತಿ ಕೂತಿದ್ದ ನೀವಿಬ್ಬರೂ ಕೊನೆಯ ಬೋಗಿಯ ಕಿಟಕಿಯಲ್ಲಿ “ಅಜ್ಜೀ! ಅಜ್ಜೀ!” ಎಂದು ಕಿರುಚುತ್ತಿದ್ದಿರಿ. ನನ್ನ ಸೀಟಿ ಮೆಚ್ಚಿಕೊಂಡಿರಿ ಎಂದುಕೊಂಡು ಹಸಿರು ಬಾವುಟ ಬೀಸಿದೆ. ಹಿಂತಿರುಗಿ ನೋಡಿದ ಲಿಮ್, ಹಸಿರು ಕಂಡು ವೇಗ ಹೆಚ್ಚಿಸಿದ. ನೀವು ಕಿರುಚಿದಷ್ಟೂ ನಾನು ಬೀಸಿದೆ. ನಾನು ಬೀಸಿದಷ್ಟೂ ಅವನು ಓಡಿಸಿದ.

ಪಕ್ಕದಲ್ಲಿ ಅಧಿಕಾರಿ ಮೆಲ್ಲಗೆ ಕೆಮ್ಮಿ ಕೇಳಿದರು: “ಪುವಾನ್, ಮೇಡಂ, ಗಾರ್ಡ್ ಟ್ರೇನ್ ಒಳಗೆ ಇರ್ಬೇಕು ಅಲ್ವಾ?”

ಆಗ ಬಾಯಿಪಾಠ ನೆನಪಾಯಿತು: ಸೀಟಿ, ಹಸಿರು ಬಾವುಟ, ಆಮೇಲೆ ಗಾರ್ಡ್ ಕೊನೆಯ ಬೋಗಿ ಹತ್ತಬೇಕು. ಸೊಂಟಕ್ಕೆ ಸಿಕ್ಕಿಸಿದ್ದ ಕೆಂಪು ಬಾವುಟ ಕಿತ್ತು, ಸೊಳ್ಳೆ ಓಡಿಸುವವಳಂತೆ ಬೀಸಿದೆ. ರೈಲು ಕೀರಲು ಸದ್ದು ಮಾಡಿ ನಿಂತಿತು. ಆಮೇಲೆ ಹಿಂದೆ ಹಿಂದೆ ಬಂದು ನನ್ನ ಕಾಲ ಬಳಿಯೇ ನಿಂತುಕೊಂಡಿತು. ನನಗೆ ಭೂಮಿಯೊಳಗೆ ಇಳಿದುಹೋಗೋಣ ಅನ್ನಿಸಿತು. ಅಧಿಕಾರಿ ಮಾತ್ರ ಬರೆಯುತ್ತಲೇ ಇದ್ದರು.

ಬ್ರೇಕು ಉತ್ತಮ, ಹಿಮ್ಮುಖ ಚಲನೆ ಉತ್ತಮ, ಬಾವುಟದ ಮೇಲೆ ಡ್ರೈವರನ ಗಮನ ಅತ್ಯುತ್ತಮ, ಅನುಮತಿ ನೀಡಲಾಗಿದೆ. ಕೆಳಗೆ ಒಂದೇ ಷರತ್ತು: ಗಾರ್ಡ್ ರೈಲು ಹತ್ತತಕ್ಕದ್ದು. ಆ ಕಾಗದಕ್ಕೆ ಕಟ್ಟು ಹಾಕಿಸಿ ಸ್ಟೇಷನ್ನಿನಲ್ಲಿ ತೂಗುಹಾಕಿದ್ದಾರೆ. ಓದಿದವರು ಗಾರ್ಡ್ ನಿದ್ದೆ ಹೋಗಿದ್ದನೆಂದು ತಿಳಿಯುತ್ತಾರೆ.

ಅರುಮುಗಂ ಹಲ್ಲು ಕಟ್ಟಿಸಿಕೊಂಡು ಬಂದು ತಿಂಗಳುಗಳಾದವು. ಸೀಟಿ ಇನ್ನೂ ನನ್ನ ಕೊರಳಲ್ಲೇ ಇದೆ. ವಾಪಸು ಕೇಳಲು, ಪಾಪ, ಅವರಿಗೆ ನಾಚಿಕೆ. ಈ ಹಾಳೆಗಳನ್ನು ಜೋಪಾನವಾಗಿಡಿ, ಮಕ್ಕಳೇ. ಎಂಜಿನ್ನಿನ ಬೆಂಕಿ ಹೊತ್ತಿಸಲು ಭಾನುವಾರ ಬೆಳಗ್ಗೆ ಕಾಗದ ಹುಡುಕುವ ನಿಮ್ಮಮ್ಮನ ಕೈಗೆ ಮಾತ್ರ ಕೊಡಬೇಡಿ.