ಹಿತ್ತಲ ಕೊಳದ ಜೊಂಡು ಮತ್ತು ಅತ್ತೆಯ ಪತ್ರೊಡೆ

ಬೇರೆಯವರ ಮನೆಗೆ ತಾಪತ್ರಯ ಮುಂಬಾಗಿಲಿಂದ ಬರುತ್ತದೆ, ನಮ್ಮ ಮನೆಗೆ ಹಿತ್ತಲ ಕೊಳದಿಂದ ಬರುತ್ತಿತ್ತು. ಎಂಬತ್ತರ ದಶಕ, ಅಮೆರಿಕದ ಮಿಲ್ಪಿಟಾಸಿನ ಟೌನ್‌ಹೌಸು. ಮಂಚದಷ್ಟಗಲ ಗುಂಡಿ ತೋಡಿ, ಪ್ಲಾಸ್ಟಿಕ್ ಹಾಸಿ ನಾನೇ ಮಾಡಿದ ಕೊಳ. ದಿನವಿಡೀ ಕಿಟಕಿಯಿಲ್ಲದ ಆಫೀಸಿನಲ್ಲಿ ಕೂರುವ ನನಗೆ ಸಂಜೆ ಅದರ ಅಂಚಿನಲ್ಲಿ ಕೂತರೇ ಜೀವ ಬರುತ್ತಿದ್ದದ್ದು.

೧. ಜೊಂಡು

ಜೊಂಡನ್ನು ಕುಂಡದಲ್ಲೇ ಇಡಿ ಎಂದಿದ್ದ ನರ್ಸರಿಯವನು. ಗಿಡಕ್ಕೇಕೆ ಜೈಲು ಎಂದು ನಾನು ನೇರ ಕೆಸರಿಗೇ ನೆಟ್ಟೆ. ಅದರ ಬೇರು ಪ್ಲಾಸ್ಟಿಕ್ ತೂತು ಮಾಡಿ, ನೀರೆಲ್ಲ ಸೋರಿಸಿ, ಬೇಲಿಯಡಿ ನುಸುಳಿ, ಪಕ್ಕದ ಮನೆಯ ಹುಲ್ಲುಹಾಸಿನ ನಡುವೆ ತಲೆಯೆತ್ತಿತು. ಪಕ್ಕದಾತ ಮಿಲಿಟರಿಯಿಂದ ನಿವೃತ್ತನಾದವನು. ಬಡಾವಣೆಯ ಮನೆಮಾಲೀಕರ ಅಸೋಸಿಯೇಷನ್‌ಗೆ ದೂರು ಕೊಟ್ಟ. ಶನಿವಾರ ಕಮಿಟಿ ಬರುತ್ತದೆ, ಅಕ್ಕಪಕ್ಕದವರು ಆಕ್ಷೇಪಿಸಿದರೆ ಕೊಳ ಮುಚ್ಚಬೇಕು ಎಂದರು ಅಸೋಸಿಯೇಷನ್ನಿನವರು.

"ನೀರು ಹೋಯಿತು, ಇನ್ನು ಕೊಳವೂ ಹೋಗ್ತದೆ. ಮತ್ತೆ ಉಳಿಯುವುದು ನೀವೊಬ್ಬರೇ," ಎಂದಳು ಹೆಂಡತಿ.

೨. ಕೆಸು

ಜೊಂಡನ್ನು ಅಗೆದು ಕುಂಡಕ್ಕೆ ಹಾಕಿ, ತೂತಿಗೆ ತೇಪೆ ಹಚ್ಚಿ, ನೀರು ತುಂಬಿಸಿದೆ. ಕಮಿಟಿಯ ಕಣ್ಣು ತುಂಬಲೆಂದು ಅಗಲ ಎಲೆಯ ಕೆಸುವನ್ನೂ ತಂದಿಟ್ಟೆ. ಮಗಳ ಮನೆಗೆಂದು ಉಡುಪಿಯಿಂದ ಬಂದಿದ್ದ ಅತ್ತೆ, ಬಚ್ಚಲ ಹಿಂದೆ ತಾನಾಗಿ ಬೆಳೆಯುವುದನ್ನು ಅಂಗಡಿಯಿಂದ ತರುವುದೇ ಎಂದು ಬೆರಗಾದರು.

ಶುಕ್ರವಾರ ಸಂಜೆ ಬಂದು ನೋಡಿದರೆ ಅರ್ಧದಷ್ಟು ಎಲೆಗಳೇ ಇಲ್ಲ. ಪಕ್ಕದಾತನದೇ ಕೆಲಸವೆಂದು ಬೇಲಿಯ ಬಳಿ ನುಗ್ಗಿ ಬಾಯಿ ತೆರೆದೆ. ಅಷ್ಟರಲ್ಲಿ ನಮ್ಮ ಅಡಿಗೆಮನೆಯ ಕಿಟಕಿಯಲ್ಲಿ ಅತ್ತೆ ಎಲೆಯ ನಾರು ತೆಗೆಯುತ್ತ ಕಾಣಿಸಿದರು. ತೆರೆದ ಬಾಯಿಂದ ಆತನಿಗೊಂದು ಗುಡ್ ಈವ್ನಿಂಗ್ ಹೇಳಿ ಒಳಗೆ ಬಂದೆ.

೩. ಪತ್ರೊಡೆ

ಮನೆಗೆ ಬಂದ ಕಮಿಟಿಯವರನ್ನು ಬರಿಬಾಯಲ್ಲಿ ಕಳಿಸಲಾದೀತೇ ಎಂದು ಅತ್ತೆ ಆ ಎಲೆಗಳಿಗೆ ಹಚ್ಚಿ, ಸುರುಳಿ ಸುತ್ತಿ ಬೇಯಿಸಲು ಪತ್ರೊಡೆಯ ಹಿಟ್ಟು ರುಬ್ಬುತ್ತಿದ್ದರು. ಅಮೆರಿಕದವರಿಗೆ ಆಗುವುದಿಲ್ಲ, ಹುಳಿ ಕಡಿಮೆ ಮಾಡಿ ಎಂದೆ. ಅತ್ತೆ ನನ್ನನ್ನೊಮ್ಮೆ ದಿಟ್ಟಿಸಿದರು. ಅಳಿಯನ ಮಾತು, ಮೀರಲಿಲ್ಲ. ಕೆಸುವಿನ ತುರಿಕೆಗೆ ಹುಳಿಯೇ ಮದ್ದೆಂದು ಮೈಸೂರಿನ ನನಗೇನು ಗೊತ್ತು?

ಶನಿವಾರ ಕೊಳದ ಸುತ್ತ ಎಲ್ಲರೂ ನಿಂತರು. ಡಯೆಟ್ಟಿನಲ್ಲಿದ್ದ ಕಮಿಟಿಯ ಅಧ್ಯಕ್ಷೆ ತಟ್ಟೆ ಮುಟ್ಟಲಿಲ್ಲ, ಅವಳನ್ನು ನೋಡಿ ಉಳಿದವರೂ ಮುಟ್ಟಲಿಲ್ಲ. ಪಕ್ಕದಾತ ಮಾತ್ರ ಎರಡು ಸಲ ಹಾಕಿಸಿಕೊಂಡ. ಅಧ್ಯಕ್ಷೆ ಬಗ್ಗಿ ಜೊಂಡನ್ನು ಎಳೆದು ನೋಡಿದಳು. ಮುಖ ಸಡಿಲಲಿಲ್ಲ. ಆಕ್ಷೇಪವಿದ್ದರೆ ಹೇಳಿ ಎಂದಳು.

ಪಕ್ಕದಾತ ಮುಂದೆ ಬಂದು ಬಾಯಿ ತೆರೆದ. ಸ್ವರ ಹೊರಡಲಿಲ್ಲ. ಗಂಟಲು ಹಿಡಿದುಕೊಂಡ, ಕಣ್ಣಲ್ಲಿ ನೀರು ಸುರಿಯಿತು. ಆತನ ಮನಸ್ಸು ಕರಗಿತೆಂದು ತಿಳಿದ ಅಧ್ಯಕ್ಷೆ ಬೆನ್ನು ತಟ್ಟಿ ಸಮಾಧಾನ ಮಾಡಿ, ಆಕ್ಷೇಪವಿಲ್ಲ, ಕೊಳ ಇರಲಿ ಎಂದುಬಿಟ್ಟಳು.

ನಾನು ಮಜ್ಜಿಗೆ ತರಲು ಒಳಗೆ ಓಡಿದೆ. ಅತ್ತೆ ಲೋಟ ತುಂಬಿಸಿ ಕೊಡುತ್ತ ಮೆಲ್ಲಗೆ ಹೇಳಿದರು: "ಇನ್ನು ಯಾವಾಗ ಮೀಟಿಂಗು ಉಂಟೆಂದು ಮೊದಲೇ ಹೇಳಿ ಮಾರಾಯ್ರೇ. ಆವತ್ತು ಹುಳಿ ಹಾಕುವುದೇ ಇಲ್ಲ."